ಪದವಿ ಮುಗಿದ ಮೇಲಿನ ಓದಿಗೆ ಹಣದ ದಾರಿ

(ಈ ಸಾಲಿನ ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಟ್ರಸ್ಟಿನ ಪರವಾಗಿ ಆಡಿದ ಮಾತುಗಳು)



ಪಿಯುಸಿ ಮುಗಿಸಿದ ಮಗುವಿಗೆ ಫೀಸು ಬೇಕೆಂದರೆ ನಮ್ಮ ಊರುಗಳಲ್ಲಿ ನಾಲ್ಕು ಜನ ಮುಂದೆ ಬರುತ್ತಾರೆ. ಅದೇ ಮಗು ಬಿ.ಎಸ್ಸಿ. ಮುಗಿಸಿ ಎಂ.ಎಸ್ಸಿ.ಗೆ ಹೋಗುತ್ತೇನೆ ಎಂದಾಗ, ಓದಿದ್ದು ಸಾಕಲ್ಲವೇ ಎಂಬ ಪ್ರಶ್ನೆ ಮನೆಯೊಳಗಿಂದಲೇ ಏಳುತ್ತದೆ. ಹುಡುಗನಾದರೆ ಕೆಲಸದ ಮಾತು, ಹುಡುಗಿಯಾದರೆ ಮದುವೆಯ ಮಾತು. ಆ ಹೊತ್ತಿಗೆ ಫೀಸಿನ ಹಣ ಕೈಯಲ್ಲಿಲ್ಲದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತದೆ. ಹಾಗಾಗಿ ಇಂದು ಸ್ನಾತಕೋತ್ತರ ಓದಿನ ಖರ್ಚಿನ ಬಗ್ಗೆ ಮಾತ್ರ ಹೇಳುತ್ತೇವೆ.

ಮೊದಲು, ಮುಚ್ಚಿದ ಬಾಗಿಲುಗಳು. ಪಿಎಚ್.ಡಿ. ಮಾಡುವ ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗೆ 2009ರಲ್ಲಿ ಆರಂಭವಾಗಿದ್ದ ಮೌಲಾನಾ ಆಝಾದ್ ರಾಷ್ಟ್ರೀಯ ಫೆಲೋಶಿಪ್ 2022-23ರಿಂದ ಹೊಸಬರಿಗೆ ನಿಂತಿದೆ. ವಿದೇಶದ ಓದಿನ ಸಾಲಕ್ಕೆ ಬಡ್ಡಿ ಸಹಾಯ ಕೊಡುತ್ತಿದ್ದ ‘ಪಢೋ ಪರ್‌ದೇಶ್’ ಕೂಡ ಆಗಲೇ ನಿಂತಿತು. ಇಂದಿಗೂ ಇವುಗಳ ಅರ್ಜಿ ಕೇಳಿಕೊಂಡು ಬರುವವರಿದ್ದಾರೆ. ದಯವಿಟ್ಟು ಇವುಗಳಿಗಾಗಿ ಕಾಯಬೇಡಿ.

ಇನ್ನು ತೆರೆದಿರುವ ಬಾಗಿಲುಗಳು. ಇಲ್ಲಿ ನಮಗೆ ಒಂದು ಬೇಸರವಿದೆ. ‘ಮೈನಾರಿಟಿ’ ಎಂದು ಬರೆದಿಲ್ಲದ ಅರ್ಜಿಯನ್ನು ನಮ್ಮ ಮಕ್ಕಳು ತೆರೆದೂ ನೋಡುವುದಿಲ್ಲ. ಆದರೆ ದೊಡ್ಡ ಮೊತ್ತ ಇರುವುದು ಎಲ್ಲರಿಗೂ ಇರುವ ಯೋಜನೆಗಳಲ್ಲೇ. ಯುಜಿಸಿಯ ರಾಷ್ಟ್ರೀಯ ಸ್ನಾತಕೋತ್ತರ ವಿದ್ಯಾರ್ಥಿವೇತನದಲ್ಲಿ ತಿಂಗಳಿಗೆ 15,000 ರೂಪಾಯಿಯಂತೆ ವರ್ಷಕ್ಕೆ ಹತ್ತು ತಿಂಗಳು ಹಣ ಬರುತ್ತದೆ. ಎರಡು ವರ್ಷಕ್ಕೆ ಲೆಕ್ಕ ಹಾಕಿದರೆ 3 ಲಕ್ಷ. ವರ್ಷಕ್ಕೆ 10,000 ಮಂದಿಗೆ ಕೊಡುತ್ತಾರೆ, ಅದರಲ್ಲಿ ಶೇ. 30 ಮಹಿಳೆಯರಿಗೆ. ಆಯ್ಕೆ ಪದವಿಯ ಅಂಕಗಳ ಮೇಲೆ. ರೆಗ್ಯುಲರ್ ಕೋರ್ಸಿನ ಮೊದಲ ವರ್ಷದಲ್ಲಿರುವವರು ಮಾತ್ರ ಅರ್ಜಿ ಹಾಕಬಹುದು. ಎರಡನೇ ವರ್ಷದಲ್ಲಿ ನೆನಪಾದರೆ ಪ್ರಯೋಜನವಿಲ್ಲ.

ಸಂಶೋಧನೆ ಮಾಡುವ ಆಸೆಯಿದ್ದವರಿಗೆ ನೆಟ್ ಪರೀಕ್ಷೆಯ ಜೆಆರ್‌ಎಫ್ ಇದೆ. 2023ರ ಜನವರಿಯಿಂದ ಅದರ ಮೊತ್ತ ತಿಂಗಳಿಗೆ 37,000, ಮುಂದೆ ಎಸ್‌ಆರ್‌ಎಫ್ ಆದಾಗ 42,000. ಸಾಮಾನ್ಯ ವಯೋಮಿತಿ 30. ಮಹಿಳೆಯರಿಗೆ ಐದು ವರ್ಷ ಹೆಚ್ಚು. ಮದುವೆಯಾದ ಹೆಣ್ಣುಮಕ್ಕಳ ಅತ್ತೆ-ಮಾವಂದಿರು ಈ ಮಾತನ್ನು ಸ್ವಲ್ಪ ಕಿವಿಗೊಟ್ಟು ಕೇಳಬೇಕು. ಎಂ.ಟೆಕ್.ಗೆ ಹೋಗುವವರು ಗೇಟ್‌ನಲ್ಲಿ ಅರ್ಹತೆ ಪಡೆದಿದ್ದರೆ ತಿಂಗಳಿಗೆ 12,400 ಸಿಗುತ್ತದೆ. ಸಿಯುಇಟಿ-ಪಿಜಿ ಬರೆದರೆ ಕಲಬುರಗಿ ಬಳಿಯ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಂಥ ಕಡೆ ಸೀಟು ಸಿಗಬಹುದು. ಫೀಸು ಕಡಿಮೆ ಇರುವ ಕಡೆ ಸೇರುವುದೂ ಒಂದು ಸ್ಕಾಲರ್‌ಶಿಪ್ಪೇ.

ಸಾಲದ ಮಾತಿಗೆ ಬಂದರೆ, ವೃತ್ತಿಪರ ಕೋರ್ಸುಗಳಿಗೆ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಇದೆ. 2024ರ ಕೊನೆಯಲ್ಲಿ ಕೇಂದ್ರದ ‘ಪಿಎಂ ವಿದ್ಯಾಲಕ್ಷ್ಮಿ’ ಬಂದಿದೆ. ಪಟ್ಟಿಯಲ್ಲಿರುವ ಸಂಸ್ಥೆಗೆ ಸೇರಿದವರಿಗೆ ಆಸ್ತಿ ಅಡಮಾನವಾಗಲೀ ಜಾಮೀನುದಾರರಾಗಲೀ ಬೇಕಿಲ್ಲ. ಆದರೆ ಬಡ್ಡಿ ಇದೆ. ಬಡ್ಡಿಗೆ ಅಂಜಿ ಸೀಟು ಬಿಟ್ಟವರನ್ನೂ ನಾವು ಕಂಡಿದ್ದೇವೆ, ಅಡ್ಮಿಷನ್ನಿಗಾಗಿ ಕೈಸಾಲ ಮಾಡಿ ಬ್ಯಾಂಕಿಗಿಂತ ಹೆಚ್ಚು ಬಡ್ಡಿ ಕಟ್ಟಿದವರನ್ನೂ ಕಂಡಿದ್ದೇವೆ.

ದಾನಿಗಳೇ, ನಿಮ್ಮ ಹಣ ಬೇಕಾಗುವುದು ಇಲ್ಲೇ. ಸರ್ಕಾರದ ವಿದ್ಯಾರ್ಥಿವೇತನ ಖಾತೆಗೆ ಬೀಳಲು ತಿಂಗಳುಗಳು ಹಿಡಿಯುತ್ತವೆ. ಕಾಲೇಜು ಸೀಟು ಹಂಚಿ ಫೀಸು ಕಟ್ಟಲು ಕೊಡುವುದು ಕೆಲವೇ ದಿನ. ಈ ನಡುವಿನ ತಿಂಗಳುಗಳನ್ನು ದಾಟಿಸಲು ಟ್ರಸ್ಟ್ ಬಡ್ಡಿಯಿಲ್ಲದ ಕರ್ಝೆ ಹಸನ್ ನಿಧಿಯೊಂದನ್ನು ತೆರೆಯುತ್ತಿದೆ. ಪ್ರವೇಶದ ಫೀಸನ್ನು ನೇರವಾಗಿ ಕಾಲೇಜಿಗೇ ಕಟ್ಟುತ್ತೇವೆ. ವಿದ್ಯಾರ್ಥಿವೇತನ ಬಂದಾಗ ಅಥವಾ ಕೆಲಸ ಸಿಕ್ಕಾಗ ವಿದ್ಯಾರ್ಥಿ ಕಂತುಗಳಲ್ಲಿ ಹಿಂತಿರುಗಿಸಬೇಕು. ಹಿಂತಿರುಗಿದ ಹಣ ಮುಂದಿನ ಮಗುವಿಗೆ. ಝಕಾತ್ ಹಣವನ್ನು ಇದಕ್ಕೆ ಬಳಸುವುದಿಲ್ಲ. ಅದು ಹಕ್ಕುದಾರರಿಗೆ ಪೂರ್ತಿ ಸೇರಬೇಕಾದದ್ದು, ಸಾಲವಾಗಿ ಕೊಟ್ಟು ವಾಪಸ್ ಕೇಳುವಂಥದ್ದಲ್ಲ. ಆದ್ದರಿಂದ ಈ ನಿಧಿಗೆ ಕೊಡುವವರು ರಶೀದಿಯಲ್ಲಿ ‘ಸದಕ’ ಅಥವಾ ‘ಸಾಮಾನ್ಯ ದೇಣಿಗೆ’ ಎಂದೇ ಬರೆಸಿ.

ಪೋಷಕರಿಗೆ ಕಾಗದಪತ್ರದ ಒಂದು ಮಾತು. ಆಧಾರ್, ಅಂಕಪಟ್ಟಿ, ಬ್ಯಾಂಕ್ ಪಾಸ್‌ಬುಕ್ ಮೂರರಲ್ಲೂ ಹೆಸರು ಒಂದೇ ಇರಲಿ. ಒಂದರಲ್ಲಿ ‘ಮೊಹಮ್ಮದ್’, ಇನ್ನೊಂದರಲ್ಲಿ ‘ಎಂ.ಡಿ.’, ಮತ್ತೊಂದರಲ್ಲಿ ತಂದೆಯ ಹೆಸರೇ ಮುಂದೆ. ಇಷ್ಟಕ್ಕೇ ಅರ್ಜಿಗಳು ಬಿದ್ದುಹೋಗುತ್ತವೆ. ಖಾತೆಗೆ ಆಧಾರ್ ಜೋಡಣೆ ಆಗಿದೆಯೇ ಎಂದು ಬ್ಯಾಂಕಿನಲ್ಲಿ ಕೇಳಿ. ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಈಗಲೇ ಹೋಗಿ, ಫಲಿತಾಂಶ ಬರಲಿ ಎಂದು ಕಾಯಬೇಡಿ.

ಕೊನೆಯ ಸೆಮಿಸ್ಟರಿನಲ್ಲಿರುವ ಮಕ್ಕಳು ಸಭೆ ಮುಗಿದ ಮೇಲೆ ಬಾಗಿಲ ಬಳಿಯ ಮೇಜಿನಲ್ಲಿ ಹೆಸರು, ವಿಷಯ ಬರೆಸಿ ಹೋಗಿ. ಅರ್ಜಿ ತುಂಬುವ ದಿನ ನಾವೇ ಕರೆಯುತ್ತೇವೆ.