ತಾಳಿ ಕಟ್ಟಿದ್ದಾಯ್ತು, ಸರ್ಟಿಫಿಕೇಟ್ ಎಲ್ಲಿ?

ಇವತ್ತಿನ ಮಾತು ಮದುವೆ ಬಗ್ಗೆ. ಮೆಹಂದಿ, ಪ್ರೀ ವೆಡ್ಡಿಂಗ್ ಶೂಟ್ ಬಗ್ಗೆ ಅಲ್ಲ. ಊರಲ್ಲಿ ದೇವರ ಮುಂದೆ, ಇಡೀ ಬಳಗದ ಮುಂದೆ ಆದ ಮದುವೆಯನ್ನ ಸಮುದ್ರದ ಆಚೆ ಕೂತಿರೋ ಒಬ್ಬ ಅಧಿಕಾರಿಗೆ ಒಪ್ಪಿಸೋದು ಹೇಗೆ ಅನ್ನೋದರ ಬಗ್ಗೆ. ನಾನು ವಕೀಲೆ ಅಲ್ಲ. ಬೆಂಗಳೂರಲ್ಲಿ ವೀಸಾ ಕೆಲಸ ನೋಡೋ ವಕೀಲರೊಬ್ಬರ ಕಚೇರಿಯಲ್ಲಿ ಒಂಬತ್ತು ವರ್ಷದಿಂದ ಫೈಲ್ ಜೋಡಿಸ್ತಿದ್ದೀನಿ. ನಮ್ಮಲ್ಲಿಗೆ ಬರೋದು ಹೆಚ್ಚಿನಂಶ ಅಮೆರಿಕದ ಫೈಲ್‌ಗಳು. ಗಂಡ ಅಥವಾ ಹೆಂಡತಿ ಅಮೆರಿಕದ ಪ್ರಜೆ, ಇನ್ನೊಬ್ಬರು ಇಲ್ಲಿದ್ದಾರೆ, ಅಲ್ಲಿಗೆ ಶಾಶ್ವತವಾಗಿ ಹೋಗಬೇಕು. ಹಾಗಾಗಿ ಅದನ್ನೇ ಹೇಳ್ತೀನಿ.

ಹಾಸನ ಕಡೆಯ ಒಬ್ಬ ಹುಡುಗಿ. ಖಾಸಗಿ ಶಾಲೆಯಲ್ಲಿ ಟೀಚರ್. ಹುಡುಗ ಅಮೆರಿಕದಲ್ಲೇ ಹುಟ್ಟಿ ಬೆಳೆದವನು, ಅಪ್ಪ ಅಮ್ಮ ಚಿಕ್ಕಮಗಳೂರಿನವರು. ಅವನಿಗೆ ಸಿಕ್ಕಿದ್ದು ಮೂರು ವಾರ ರಜೆ. ದೇವಸ್ಥಾನದಲ್ಲಿ ಮದುವೆ ಆಯ್ತು, ಬೀಗರೂಟ ಆಯ್ತು, ಹುಡುಗ ವಾಪಸ್ ಹೋದ. ದೇವಸ್ಥಾನದವರು ಸೀಲ್ ಹಾಕಿ ಒಂದು ಪತ್ರ ಕೊಟ್ಟಿದ್ರು, 'ಇಂಥ ದಿನ ಇಂಥವರ ವಿವಾಹ ನಮ್ಮ ಸನ್ನಿಧಿಯಲ್ಲಿ ನೆರವೇರಿದೆ' ಅಂತ. ಅದನ್ನೇ ಇಟ್ಟು ಹುಡುಗ ಅಲ್ಲಿಂದ ಐ-130 ಅರ್ಜಿ ಹಾಕಿದ. ಗಂಡ ಹೆಂಡತಿಗಾಗಿ, ಹೆಂಡತಿ ಗಂಡನಿಗಾಗಿ ಹಾಕೋ ಮೊದಲ ಅರ್ಜಿ ಇದು. ಹುಡುಗಿ ಕೆಲಸಕ್ಕೆ ರಾಜೀನಾಮೆ ಕೊಟ್ಟಳು, ಮೂರ್ನಾಲ್ಕು ತಿಂಗಳಲ್ಲಿ ಹೊರಡ್ತೀನಿ ಅಂತ.

ತಿಂಗಳುಗಳು ಕಳೆದ ಮೇಲೆ ಬಂದಿದ್ದು ವೀಸಾ ಅಲ್ಲ, ಪತ್ರ. ಕೊಟ್ಟಿರೋ ಕಾಗದ ಸರ್ಕಾರಿ ವಿವಾಹ ಪ್ರಮಾಣಪತ್ರ ಅಲ್ಲ, ಇನ್ನಷ್ಟು ಸಾಕ್ಷ್ಯ ಕೊಡಿ ಅಂತ. ಇಂಥ ಪತ್ರಕ್ಕೆ ಉತ್ತರ ಕೊಡೋಕೆ ಹೆಚ್ಚೆಂದ್ರೆ 12 ವಾರ ಸಿಗುತ್ತೆ. ಅವಳು ನಮ್ಮ ಕಚೇರಿಗೆ ಬಂದಿದ್ದು ಆವಾಗ, ಅಪ್ಪನ ಜೊತೆ. 'ಮೇಡಂ, ಐನೂರು ಜನ ಊಟ ಮಾಡಿ ಹೋಗಿದಾರೆ, ಇನ್ನೇನು ಸಾಕ್ಷಿ ಬೇಕು ಇವರಿಗೆ?' ಅಂತ ಕೇಳಿದ್ರು ಅವರಪ್ಪ. ಅವರ ಸಿಟ್ಟಲ್ಲಿ ನ್ಯಾಯ ಇತ್ತು. ಹುಡುಗಿ ಮಾತ್ರ ಸುಮ್ಮನೆ ಕೂತಿದ್ದಳು. ಹೊರಡುವಾಗ ಒಂದೇ ಮಾತು ಹೇಳಿದ್ದು: 'ಅಕ್ಕಪಕ್ಕದವರು ದಿನಾ ಕೇಳ್ತಾರೆ, ಇನ್ನೂ ಹೋಗ್ಲಿಲ್ವಾ ಅಂತ. ಈಗೀಗ ನಾನು ಆಚೆಗೇ ಬರ್ತಿಲ್ಲ.'

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಅಮೆರಿಕದವರು ಮದುವೆಯನ್ನ ತಮ್ಮ ಕಾನೂನಿನಿಂದ ಅಳೆಯೋಕೆ ಶುರು ಮಾಡಲ್ಲ. ಅವರ ಮೊದಲ ಪ್ರಶ್ನೆ: ಮದುವೆ ಆದ ಜಾಗದ ಕಾನೂನಿನ ಪ್ರಕಾರ ಇದು ಮದುವೆ ಹೌದಾ? ಫ್ರಾನ್ಸ್‌ನಲ್ಲಿ ಚರ್ಚಲ್ಲಿ ಮಾತ್ರ ಮದುವೆ ಆಗಿ ನಗರಸಭೆ ಕಚೇರಿಗೆ ಹೋಗದಿದ್ರೆ ಆ ದೇಶದ ಕಾನೂನಿಗೆ ಅದು ಮದುವೆಯೇ ಅಲ್ಲ, ಹಾಗಾಗಿ ಅಮೆರಿಕಕ್ಕೂ ಅಲ್ಲ. ನಮ್ಮಲ್ಲಿ ಹಾಗಿಲ್ಲ. 1955ರ ಹಿಂದೂ ವಿವಾಹ ಕಾಯ್ದೆಯ 7ನೇ ಸೆಕ್ಷನ್ ಪ್ರಕಾರ, ಗಂಡು ಅಥವಾ ಹೆಣ್ಣಿನ ಕಡೆಯ ಪದ್ಧತಿಯಂತೆ ಶಾಸ್ತ್ರ ನಡೆದ್ರೆ ಮದುವೆ ಆದಂತೆ. ಆ ಪದ್ಧತಿಯಲ್ಲಿ ಸಪ್ತಪದಿ ಇದ್ರೆ ಏಳನೇ ಹೆಜ್ಜೆಗೆ ಮದುವೆ ಪೂರ್ತಿ. ರಿಜಿಸ್ಟರ್ ಮಾಡಿಸದೇ ಇದ್ರೆ ಮದುವೆ ಬಿದ್ದು ಹೋಗಲ್ಲ, 8ನೇ ಸೆಕ್ಷನ್‌ನಲ್ಲಿ ಅದನ್ನೂ ಬರೆದಿದ್ದಾರೆ.

ಅಂದ್ರೆ ಹಾಸನದ ಹುಡುಗಿಯ ಮದುವೆ ಪಕ್ಕಾ ಮದುವೆ. ಇರಲಿಲ್ಲದ್ದು ಪುರಾವೆ. ಈ ಎರಡರ ನಡುವೆ ಇರೋ ಸಂದಿನಲ್ಲೇ ಎಷ್ಟೋ ಜೋಡಿಗಳು ವರ್ಷಗಟ್ಟಲೆ ಸಿಕ್ಕಿಹಾಕಿಕೊಳ್ತಾರೆ. ದೇವಸ್ಥಾನದ ಪತ್ರ, ಪುರೋಹಿತರ ಪತ್ರ, ಛತ್ರದ ರಸೀದಿ ಇವೆಲ್ಲ ಪೂರಕ ಸಾಕ್ಷ್ಯ ಆಗಬಹುದು. ಆದ್ರೆ ವೀಸಾ ಅಧಿಕಾರಿ ನೋಡೋದು ಸಬ್ ರಿಜಿಸ್ಟ್ರಾರ್ ಕೊಟ್ಟ ಪ್ರಮಾಣಪತ್ರವನ್ನ.

'ಅಫಿಡವಿಟ್ ಮಾಡಿಸಿ ಕೊಡ್ತೀವಿ' ಅಂತ ಬಹಳ ಜನ ಬರ್ತಾರೆ. ಅಫಿಡವಿಟ್‌ಗೂ ಒಂದು ದಾರಿ ಇದೆ, ಇಲ್ಲ ಅಂತಲ್ಲ. ಪ್ರಮಾಣಪತ್ರ ಸಿಗೋಕೆ ಸಾಧ್ಯವೇ ಇಲ್ಲ ಅಂತ ಮೊದಲು ತೋರಿಸಬೇಕು, ಬೇರೆ ದಾಖಲೆ ಕೊಡಬೇಕು, ಅದೂ ಇಲ್ಲ ಅಂದ್ರೆ ಮದುವೆಯನ್ನ ಕಣ್ಣಾರೆ ಕಂಡ ಇಬ್ಬರು ಬರೆದುಕೊಡಬೇಕು. ಕಳೆದ ವರ್ಷ ಆದ ಮದುವೆಗೆ ಇದು ನಡೆಯಲ್ಲ. ಕಚೇರಿ ಬಾಗಿಲು ತೆಗೆದಿದೆಯಲ್ಲ, ಹೋಗಿ ಮಾಡಿಸಿ ಅಂತಾರೆ.

ಕೊನೆಗೆ ಆ ಹುಡುಗ ನಾಲ್ಕು ದಿನ ರಜೆ ಹಾಕಿ ಬಂದ. ಲಗ್ನಪತ್ರಿಕೆ, ಮದುವೆ ಫೋಟೊ, ವಯಸ್ಸು ಮತ್ತು ವಿಳಾಸದ ದಾಖಲೆ, ಸಾಕ್ಷಿಗಳು, ಎಲ್ಲ ತಗೊಂಡು ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಮಾಡಿಸ್ಕೊಂಡ್ರು. ಸರ್ಟಿಫಿಕೇಟ್‌ನಲ್ಲಿ ಎರಡು ದಿನಾಂಕ ಇದ್ವು. ಒಂದು ಮದುವೆ ನಡೆದ ದಿನ, ಇನ್ನೊಂದು ನೋಂದಣಿ ಆದ ದಿನ. ಅರ್ಜಿಯಲ್ಲಿ ಮದುವೆ ದಿನಾಂಕ ಅಂತ ಬರೆಯಬೇಕಾದ್ದು ಮೊದಲನೇದು. ಎರಡನೇದನ್ನ ಬರೆದು ಬಂದ ಫೈಲ್‌ಗಳನ್ನ ತಿಂಗಳಿಗೊಂದಾದ್ರೂ ತಿದ್ದುತ್ತೀನಿ.

ದಿನಾಂಕ ಅಂದಾಗ ನೆನಪಾಯ್ತು. ಬೆಳಗಿನ ಜಾವ ನಾಲ್ಕೂವರೆಗೆ ಮುಹೂರ್ತ ಇರುತ್ತೆ. ಪಂಚಾಂಗದ ಲೆಕ್ಕದಲ್ಲಿ ಸೂರ್ಯ ಹುಟ್ಟೋ ತನಕ ಭಾನುವಾರವೇ, ಕ್ಯಾಲೆಂಡರ್‌ನಲ್ಲಿ ಆಗಲೇ ಸೋಮವಾರ. ಪತ್ರಿಕೆಯಲ್ಲಿ ಒಂದು, ಸರ್ಟಿಫಿಕೇಟ್‌ನಲ್ಲಿ ಇನ್ನೊಂದು. ನಮ್ಮ ಬೆಂಗಳೂರು, ಮೈಸೂರು ಕಡೆ ಇನ್ನೊಂದು ಪದ್ಧತಿ, ಹಿಂದಿನ ದಿನ ಸಂಜೆ ಆರತಕ್ಷತೆ, ಮರುದಿನ ಬೆಳಿಗ್ಗೆ ಧಾರೆ. ಮದುವೆಗೆ ಮುಂಚೆ ರಿಸೆಪ್ಷನ್ ಹೇಗಾಯ್ತು ಅಂತ ಅಲ್ಲಿನವರಿಗೆ ತಲೆಬುಡ ಅರ್ಥ ಆಗಲ್ಲ. ನಾನು ಈಗ ಪ್ರತಿ ಫೈಲ್‌ಗೂ ಒಂದು ಪುಟ ಸೇರಿಸ್ತೀನಿ, ಯಾವ ಶಾಸ್ತ್ರ ಯಾವ ದಿನ, ಎಷ್ಟು ಗಂಟೆಗೆ ಅಂತ. ಪತ್ರಿಕೆ ಕನ್ನಡದಲ್ಲಿದ್ರೆ ಪೂರ್ತಿ ಇಂಗ್ಲಿಷ್ ಅನುವಾದ ಬೇಕು. 'ಆಗಮನಾಭಿಲಾಷಿಗಳು' ತನಕ, ಕೆಳಗಿರೋ ದೊಡ್ಡಪ್ಪ ಚಿಕ್ಕಪ್ಪಂದಿರ ಹೆಸರಿನ ತನಕ. ಅನುವಾದ ಮಾಡಿದವರು, ಇದು ಪೂರ್ತಿಯಾಗಿದೆ, ಸರಿಯಾಗಿದೆ, ನನಗೆ ಎರಡೂ ಭಾಷೆ ಬರುತ್ತೆ ಅಂತ ಬರೆದು ಸಹಿ ಹಾಕಬೇಕು.

ಮತ್ತೆ ಫೋಟೊ. ಕ್ಯಾಂಡಿಡ್ ಅಂತ ಎರಡು ಸಾವಿರ ಚಿತ್ರ ತೆಗೆದಿರ್ತಾರೆ, ಅದರಲ್ಲಿ ಧಾರೆ ಎರೆಯೋದು ಇರಲ್ಲ! ಡ್ರೋನ್ ಶಾಟ್ ಇರುತ್ತೆ, ಮಾಂಗಲ್ಯಧಾರಣೆ ಹೊತ್ತಲ್ಲಿ ಯಾರೋ ಮಾವ ಅಡ್ಡ ನಿಂತಿರ್ತಾರೆ. ಫೋಟೊಗ್ರಾಫರ್‌ಗೆ ಮೊದಲೇ ಹೇಳಿ, ಶಾಸ್ತ್ರದ ಚಿತ್ರ ಬೇಕು, ಇಬ್ಬರ ಮುಖ ಕಾಣಬೇಕು, ಅಪ್ಪ ಅಮ್ಮಂದಿರು ಇರಬೇಕು ಅಂತ.

ಈಗ ಇದರ ಉಲ್ಟಾ ಕಥೆ. ಕಾಗದ ಮೊದಲು, ಮದುವೆ ಆಮೇಲೆ ಅನ್ನೋರದ್ದು. ನಿಶ್ಚಿತಾರ್ಥ ಆಗಿದೆ, ಮುಹೂರ್ತ ಆರು ತಿಂಗಳ ಮೇಲಿದೆ, ಅಷ್ಟರಲ್ಲಿ ವೀಸಾ ಕೆಲಸ ಶುರು ಆಗಲಿ ಅಂತ ಹಿರಿಯರೇ ಕೂತು ತೀರ್ಮಾನ ಮಾಡಿ 'ಸುಮ್ನೆ ಒಂದು ರಿಜಿಸ್ಟರ್ ಮಾಡಿಸ್ಬಿಡೋಣ' ಅಂತಾರೆ. 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಇದರ ಬಗ್ಗೆ ನೇರವಾಗಿ ಮಾತಾಡಿದೆ. ಡಾಲಿ ರಾಣಿ ಪ್ರಕರಣ ಅದು. ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ. ಶಾಸ್ತ್ರ ನಡೆಯದೇ ಇದ್ರೆ ಬರೀ ಸರ್ಟಿಫಿಕೇಟ್‌ನಿಂದ ಹಿಂದೂ ಮದುವೆ ಆಗಲ್ಲ ಅಂತ ತೀರ್ಪು. ವಿದೇಶದ ವೀಸಾಕ್ಕೆ ಅರ್ಜಿ ಹಾಕೋಕೆ ಅಂತ ಮೊದಲೇ ನೋಂದಣಿ ಮಾಡಿಸೋ ರೂಢಿಯನ್ನೂ ಆ ತೀರ್ಪಿನಲ್ಲಿ ಹೆಸರಿಸಿಯೇ ಟೀಕಿಸಿದ್ದಾರೆ. ಅಂದ್ರೆ ನಡೆಯದ ಶಾಸ್ತ್ರವನ್ನ ನಡೆದಿದೆ ಅಂತ ಬರೆಸಿ ತಗೊಂಡ ಕಾಗದ ಇಲ್ಲೂ ನಿಲ್ಲಲ್ಲ, ಅಲ್ಲೂ ನಿಲ್ಲಲ್ಲ. ನಾಳೆ ಸಂಬಂಧ ಮುರಿದರೆ, ನೀವು ಮದುವೆಯಾದವರಾ ಅಲ್ಲವಾ ಅಂತ ನಿಮಗೇ ಗೊತ್ತಾಗಲ್ಲ. ಬೇಗ ಕಾಗದ ಬೇಕೇ ಬೇಕು ಅನ್ನೋರಿಗೆ ವಿಶೇಷ ವಿವಾಹ ಕಾಯ್ದೆ ಇದೆ. ಅಲ್ಲಿ ಅಧಿಕಾರಿ ಮುಂದೆ ಆಗೋದೇ ಮದುವೆ. ಛತ್ರದ್ದು ಆಮೇಲೆ ಇಟ್ಕೊಳ್ಳಿ.

ಇದರ ಮಧ್ಯೆ ಸಿಕ್ಕಿಬೀಳೋರು ಇನ್ನೂ ಪಾಪ. ಅಮೆರಿಕಕ್ಕೆ ಕೆ-1 ಅಂತ ಒಂದು ವೀಸಾ ಇದೆ, ಮದುವೆ ನಿಶ್ಚಯ ಆದವರಿಗೆ. ನಿಶ್ಚಿತಾರ್ಥದಲ್ಲಿ ಹಾರ ಬದಲಾಯಿಸಿ, ಉಂಗುರ ಹಾಕಿ, ಹೋಮ ಮಾಡಿ, ಸ್ಟೇಜ್ ಮೇಲೆ ಅಕ್ಷತೆ ಹಾಕಿಸಿಕೊಂಡ ಫೋಟೊ ನೋಡಿದ್ರೆ, 'ಇವರಿಗೆ ಮದುವೆ ಆಗಿಬಿಟ್ಟಿದೆಯಲ್ಲ' ಅನ್ನೋ ಅನುಮಾನ ಬರುತ್ತೆ. ಮದುವೆಯಾದವರಿಗೆ ಕೆ-1 ಸಿಗಲ್ಲ. ಗಂಡ ಹೆಂಡತಿ ವೀಸಾ ಕೇಳೋಣ ಅಂದ್ರೆ ಕಾಗದ ಇಲ್ಲ. ಒಂದಕ್ಕೆ ಮದುವೆ ಜಾಸ್ತಿ ಆಯ್ತು, ಇನ್ನೊಂದಕ್ಕೆ ಕಮ್ಮಿ ಆಯ್ತು. ಕೆ-1 ಯೋಚನೆ ಇದ್ರೆ ನಿಶ್ಚಿತಾರ್ಥ ಸರಳವಾಗಿರಲಿ ಅಂತ ನಾನು ಹೇಳ್ತೀನಿ. ಅಮ್ಮಂದಿರು ಒಪ್ಪಲ್ಲ, ಗೊತ್ತು.

ಇಬ್ಬರೂ ಹಿಂದೂಗಳಲ್ಲ ಅಂದ್ರೆ ಇನ್ನೂ ಹುಷಾರಾಗಿರಬೇಕು. ಕ್ಯಾಲಿಫೋರ್ನಿಯಾದ ಕ್ರೈಸ್ತ ಹುಡುಗ, ನಮ್ಮ ಹುಡುಗಿ ಮೇಲಿನ ಪ್ರೀತಿಗೆ ಪಂಚೆ ಉಟ್ಟು, ಬಾಸಿಂಗ ಕಟ್ಟಿಕೊಂಡು ದೇವಸ್ಥಾನದಲ್ಲಿ ತಾಳಿ ಕಟ್ಟಿದ. ನೋಡೋಕೆ ಎಷ್ಟು ಚೆಂದ. ಆದ್ರೆ ಹಿಂದೂ ವಿವಾಹ ಕಾಯ್ದೆ ಇರೋದು ಇಬ್ಬರು ಹಿಂದೂಗಳ ನಡುವಿನ ಮದುವೆಗೆ. ಬೌದ್ಧ, ಜೈನ, ಸಿಖ್, ಲಿಂಗಾಯತರೂ ಅದರಲ್ಲಿ ಬರ್ತಾರೆ, ಕ್ರೈಸ್ತರು ಬರಲ್ಲ. ಹಿಂದೂ ಮತ್ತು ಕ್ರೈಸ್ತರ ನಡುವೆ ಈ ಕಾಯ್ದೆಯಡಿ ಆದ ಮದುವೆ ಅಸಿಂಧು ಅಂತ 2008ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಇಂಥ ಜೋಡಿಗೆ ದಾರಿ 1954ರ ವಿಶೇಷ ವಿವಾಹ ಕಾಯ್ದೆ. ಅದರಲ್ಲಿ ಲೆಕ್ಕ ಹಾಕಬೇಕಾದ್ದು ದಿನಗಳನ್ನ. ನೋಟಿಸ್ ಕೊಡೋ ಮುಂಚೆ ಇಬ್ಬರಲ್ಲಿ ಒಬ್ಬರಾದ್ರೂ ಆ ಜಿಲ್ಲೆಯಲ್ಲಿ 30 ದಿನ ವಾಸ ಇರಬೇಕು. ನೋಟಿಸ್ ಆದ ಮೇಲೆ ಇನ್ನೂ 30 ದಿನ ಕಾಯಬೇಕು. ಮೂರು ವಾರ ರಜೆಯಲ್ಲಿ ಬಂದವರಿಗೆ ಇದು ಮುಗಿಯೋ ಮಾತಲ್ಲ, ಮೊದಲೇ ಯೋಜನೆ ಮಾಡ್ಕೊಳ್ಳಿ. ಮಂತ್ರ ಮಾಂಗಲ್ಯ ಆಗೋ ಗೆಳೆಯರಿಗೂ ನನ್ನ ಸಲಹೆ ಇದೇ ಕಾಯ್ದೆ.

ಚರ್ಚ್ ಮದುವೆಯವರಿಗೆ ತೊಂದರೆ ಕಮ್ಮಿ, 1872ರ ಕ್ರೈಸ್ತ ವಿವಾಹ ಕಾಯ್ದೆಯಡಿ ಚರ್ಚ್‌ನಲ್ಲೇ ರಿಜಿಸ್ಟರ್ ಇರುತ್ತೆ. ಮುಸ್ಲಿಂ ಜೋಡಿಗಳದ್ದು ಮಾತ್ರ ಗೊಂದಲ. ನಿಕಾಹ್‌ನಾಮಾ ಇರುತ್ತೆ, ಖಾಜಿ ಸಹಿ ಇರುತ್ತೆ. ಸರ್ಟಿಫಿಕೇಟ್ ಕೊಡೋ ಅಧಿಕಾರವನ್ನ ರಾಜ್ಯ ಸರ್ಕಾರ 2023ರಲ್ಲಿ ವಕ್ಫ್ ಮಂಡಳಿಗೆ ಕೊಟ್ಟಿತು, 2024ರ ನವೆಂಬರ್‌ನಲ್ಲಿ ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಹಾಗಾಗಿ ನಾವು ಸರ್ಕಾರಿ ನೋಂದಣಿ ದಾರಿಯನ್ನೇ ಹೇಳ್ತೀವಿ. ಇನ್ನೊಂದು, ಫೋನಲ್ಲಿ, ವಿಡಿಯೊ ಕಾಲ್‌ನಲ್ಲಿ ಆದ ಮದುವೆ, ಯಾವ ಧರ್ಮದ್ದೇ ಇರಲಿ. ಇಬ್ಬರೂ ಒಂದೇ ಜಾಗದಲ್ಲಿ ಇಲ್ಲದೇ ಆದ ಮದುವೆಯನ್ನ, ಆಮೇಲೆ ಇಬ್ಬರೂ ಗಂಡ ಹೆಂಡತಿಯಾಗಿ ಕೂಡಿ ಬಾಳದೇ ಇದ್ರೆ, ಅಮೆರಿಕದ ವಲಸೆ ಕಾನೂನು ಲೆಕ್ಕಕ್ಕೇ ತಗೊಳ್ಳಲ್ಲ.

ಕಾಗದ ಸರಿ ಇದ್ರೂ ಸಂದರ್ಶನದಲ್ಲಿ ಮತ್ತೊಂದು ಪ್ರಶ್ನೆ ಕೇಳ್ತಾರೆ, ಇದು ನಿಜವಾದ ಸಂಸಾರವಾ ಅಂತ. ನೋಡಿ ಒಪ್ಪಿದ ಮದುವೆ ಅಂದ್ರೆ ಏನು ಅಂತ ಭಾರತದಲ್ಲಿ ಕೆಲಸ ಮಾಡೋ ಅಧಿಕಾರಿಗಳಿಗೆ ಗೊತ್ತಿರುತ್ತೆ. ಮದುವೆಗೆ ಮುಂಚಿನ ಫೋಟೊ ಇಲ್ಲ ಅಂತ ಗಾಬರಿ ಬೇಡ, ಕೃತಕವಾಗಿ ಸೃಷ್ಟಿ ಮಾಡೋದಂತೂ ಬೇಡವೇ ಬೇಡ. ವೀಸಾಕ್ಕಾಗಿ ಸುಳ್ಳು ಮದುವೆ ಅಂತ ಸಾಬೀತಾದ್ರೆ ಅಲ್ಲಿ 5 ವರ್ಷದವರೆಗೆ ಜೈಲು, 2,50,000 ಡಾಲರ್‌ವರೆಗೆ ದಂಡ ಇದೆ, ಮುಂದೆ ಯಾವ ಅರ್ಜಿಯೂ ಒಪ್ಪಿಗೆ ಆಗಲ್ಲ. ಇರೋದನ್ನೇ ಕೊಡಿ. ಬೋರ್ಡಿಂಗ್ ಪಾಸ್, ಕಳಿಸಿದ ದುಡ್ಡಿನ ದಾಖಲೆ, ಕಾಲ್ ಲಾಗ್, ಅತ್ತೆ ಮನೆ ಹಬ್ಬದ ಫೋಟೊ. ಹಾಸನದ ಹುಡುಗಿ ಕೊಟ್ಟಿದ್ದರಲ್ಲಿ ನನಗೆ ನೆನಪಿರೋದು ವಾಟ್ಸಾಪ್‌ನ ಒಂದು ಪುಟ. ಚಿತ್ರಾನ್ನಕ್ಕೆ ಒಗ್ಗರಣೆ ಯಾವಾಗ ಹಾಕೋದು ಅಂತ ಅವನು ಕೇಳಿದ್ದ, ಅವಳು ಹಂತ ಹಂತವಾಗಿ ಬರೆದಿದ್ದಳು. ಅದನ್ನೂ ಅನುವಾದ ಮಾಡಿ ಸೇರಿಸಿದ್ವಿ. ಮುಂಬೈ ಕಾನ್ಸುಲೇಟ್‌ನಲ್ಲಿ ಸಂದರ್ಶನ ಆಗಿ ವೀಸಾ ಬಂತು. ಮದುವೆಯಾಗಿ ಎರಡು ವರ್ಷ ತುಂಬೋ ಮುಂಚೆ ಹೋದ್ದರಿಂದ ಷರತ್ತಿನ ಗ್ರೀನ್ ಕಾರ್ಡ್, ಎರಡು ವರ್ಷದ್ದು. ಅದು ಮುಗಿಯೋ ಮುಂಚಿನ 90 ದಿನದೊಳಗೆ ಇಬ್ಬರೂ ಸೇರಿ ಮತ್ತೆ ಅರ್ಜಿ ಹಾಕಬೇಕು, ಮತ್ತೆ ಪುರಾವೆ ಕೊಡಬೇಕು.

ಕಳೆದ ವಾರ ಒಬ್ಬರು ಕೇಳಿದ್ರು: 'ಅಕ್ಕ, ಮದುವೆ ಮುಂದಿನ ತಿಂಗಳು, ಹುಡುಗ ಹದಿನೈದು ದಿನ ಇರ್ತಾನೆ. ಸಮಯ ಸಾಕಾ?' ಇಬ್ಬರೂ ಹಿಂದೂಗಳಾದ್ರೆ ಸಾಕು. 2024ರಿಂದ ಹಿಂದೂ ವಿವಾಹ ನೋಂದಣಿಗೆ ಕಾವೇರಿ 2.0 ಪೋರ್ಟಲ್‌ನಲ್ಲಿ ಆನ್‌ಲೈನ್ ಅರ್ಜಿ ಹಾಕಬಹುದು. ಅಮೆರಿಕದ ಪ್ರಜೆ ಹತ್ರ ಆಧಾರ್ ಇಲ್ಲದಿದ್ರೆ ಕಚೇರಿಗೆ ಇಬ್ಬರೂ ಹೋಗೋದು ಅಂತಲೇ ಲೆಕ್ಕ ಇಟ್ಕೊಳ್ಳಿ. ಹೆಸರು ಎಲ್ಲ ದಾಖಲೆಯಲ್ಲೂ ಪಾಸ್‌ಪೋರ್ಟ್‌ನಲ್ಲಿ ಇರೋ ಹಾಗೇ, ಇನಿಷಿಯಲ್ ಬಿಡಿಸಿ ಬರೆಸಿ. ಬೀಗರೂಟದ ಮರುದಿನವೇ ಹೋಗಿ, ದೇವಸ್ಥಾನ ಸುತ್ತೋದು, ಹನಿಮೂನ್ ಎಲ್ಲ ಅದಾದ ಮೇಲೆ. ಲಗ್ನಪತ್ರಿಕೆ ಎಲ್ಲ ಹಂಚಿ ಖಾಲಿ ಮಾಡಬೇಡಿ, ಐದಾರು ಬೀರುವಿನಲ್ಲಿ ಎತ್ತಿಡಿ.