ತೊಲೆಗೆ ಬಣ್ಣ ಬಳಿಯುವ ಮುನ್ನ
(ವಾಚನಾಲಯದಲ್ಲಿ ಮಾಡಿದ ಭಾಷಣ)



ನಮ್ಮಲ್ಲಿ ಅನೇಕರು ಪುಣೆಯ ಪೇಟೆಗಳ ಹಳೆಯ ವಾಡೆಗಳಲ್ಲಿ ಬಾಡಿಗೆಗಿದ್ದೇವೆ. ತಲೆಯ ಮೇಲೆ ಸಾಗವಾನಿ ತೊಲೆಗಳು, ಗೋಡೆಗುಂಟ ನಲ್ಲಿಯ ಕೊಳವೆಗಳು. ದೀಪಾವಳಿ ಬಂದಿತೆಂದರೆ ಇವಕ್ಕೆಲ್ಲ ಬಣ್ಣ ಬಳಿಯುವ ಹುರುಪು. ನಾವೂ ಒಂದು ವರ್ಷ ಬಳಿದೆವು. ಮುಂದಿನ ಮಳೆಗಾಲಕ್ಕೆ ತೊಲೆಯ ತುದಿಯಲ್ಲಿ ಬಣ್ಣದ ತೊಗಲಷ್ಟೇ ಉಳಿದಿತ್ತು, ಒಳಗೆಲ್ಲ ಗೆದ್ದಲು!

ಬಣ್ಣವು ರೋಗವನ್ನು ಮುಚ್ಚುತ್ತದೆ, ವಾಸಿ ಮಾಡುವುದಿಲ್ಲ. ಗೋಡೆಯೊಳಗೆ ಹೊಕ್ಕ ತುದಿಯೇ ತೇವ ಹೀರಿ ಮೊದಲು ಕೊಳೆಯುವುದು. ಅಲ್ಲಿ ಮೊಳೆಯಿಂದ ಚುಚ್ಚಿ ನೋಡಿರಿ. ಮೆತ್ತಗೆ ಇಳಿದರೆ ಬಣ್ಣದವನನ್ನಲ್ಲ, ಬಡಿಗನನ್ನು ಕರೆಯಿರಿ.

ಹಳೆಯ ಎಣ್ಣೆಬಣ್ಣದಲ್ಲಿ ಸೀಸವಿರುವುದುಂಟು. ಹತ್ತು ಲಕ್ಷ ಭಾಗಕ್ಕೆ 90 ಭಾಗಕ್ಕಿಂತ ಹೆಚ್ಚು ಸೀಸ ಕೂಡದೆಂಬ ನಿಯಮ ಜಾರಿಗೆ ಬಂದುದು 2017ರ ನವೆಂಬರಿನಲ್ಲಿ. ಆದುದರಿಂದ ಒಣದಾಗಿ ಕೆರೆಯಬೇಡಿರಿ; ನೀರು ಚಿಮುಕಿಸಿ ಉಜ್ಜಿರಿ. ಮಕ್ಕಳನ್ನು ದೂರವಿಡಿರಿ. ಕಬ್ಬಿಣದ ಕೊಳವೆಗಾದರೆ ತುಕ್ಕು ತೆಗೆದು, ಪೂರಾ ಒರೆಸಿ ಒಣಗಿಸಿ, ಮೊದಲು ರೆಡ್ ಆಕ್ಸೈಡ್, ಆಮೇಲೆ ಬಣ್ಣ.

ಮಳೆಗಾಲದ ಮುನ್ನ ಮಹಾನಗರಪಾಲಿಕೆಯು ಅಪಾಯದ ವಾಡೆಗಳಿಗೆ ನೋಟೀಸು ಕೊಡುತ್ತದೆ. ಅಲ್ಲಿಯವರೆಗೆ ಕಾಯಬೇಡಿರಿ, ತೊಲೆ ಕೆಟ್ಟಿದ್ದರೆ ಮಾಲಕರಿಗೆ ಬರೆದು ತಿಳಿಸಿರಿ. ಅರ್ಜಿ ಬರೆದುಕೊಡಲು ನಾವು ರವಿವಾರ ಸಂಜೆ ಇಲ್ಲಿಯೇ ಇರುತ್ತೇವೆ.