ಮೊದಲ ತಾಸಿನ ಹಾಲು



ಇವತ್ತು ಎಳೆಗೂಸಿಗೆ ಎದೆಹಾಲು ಕುಡಿಸುವ ಬಗ್ಗೆ ಮಾತಾಡೋಣ. "ಇದರಾಗ ಕಲಿಯೋದು ಏನೈತಿ? ನಮ್ಮವ್ವ ಕುಡಿಸಿದಳು, ನಾವೂ ಕುಡಿಸ್ತೀವಿ" ಅಂತ ನೀವು ಅನ್ನಬಹುದು. ಆದರೆ ಒಂದು ಲೆಕ್ಕ ಕೇಳಿ. 2019–21ರಲ್ಲಿ ನಮ್ಮ ದೇಶದಲ್ಲಿ ಕುಟುಂಬ ಆರೋಗ್ಯ ಸಮೀಕ್ಷೆ ನಡೆಯಿತು. ನೂರು ಹೆರಿಗೆಗಳಲ್ಲಿ ಸುಮಾರು 89 ಆಸ್ಪತ್ರೆಯಲ್ಲೇ ಆಗಿದ್ದವು. ಆದರೆ ಹುಟ್ಟಿದ ಒಂದು ತಾಸಿನೊಳಗೆ ಎದೆಹಾಲು ಸಿಕ್ಕಿದ್ದು ನೂರರಲ್ಲಿ ಸುಮಾರು 42 ಕೂಸುಗಳಿಗೆ ಮಾತ್ರ. ನರ್ಸಮ್ಮ ಹತ್ತಿರ ಇದ್ದರು, ತಾಯಿ ಹತ್ತಿರ ಇದ್ದಳು. ಆದರೂ ಅರ್ಧಕ್ಕಿಂತ ಹೆಚ್ಚು ಕೂಸುಗಳು ಕಾಯಬೇಕಾಯಿತು. ಯಾಕೆ? ಮೊದಲೇ ತಯಾರಿ ಇರುವುದಿಲ್ಲ. ಅದೇ ಒಂದು ದೊಡ್ಡ ಕಾರಣ.

ತಯಾರಿ ಬಸುರಿ ಇದ್ದಾಗಲೇ ಶುರುವಾಗಬೇಕು. ತಪಾಸಣೆಗೆ ತಪ್ಪದೆ ಹೋಗಿ. "ಕೂಸು ಹುಟ್ಟಿದ ಕೂಡಲೇ ನನ್ನ ಎದೆ ಮೇಲೆ ಹಾಕ್ರಿ" ಅಂತ ನರ್ಸಮ್ಮನಿಗೆ ಮೊದಲೇ ಹೇಳಿಡಿ. ಹೆರಿಗೆಗೆ ಜೊತೆಗೆ ಬರುವ ಅವ್ವನಿಗೆ, ಅತ್ತೆಗೆ ಕೂಡ ಹೇಳಿ. ಯಾಕೆಂದರೆ ಆ ಹೊತ್ತಿನಲ್ಲಿ ಬಾಣಂತಿಗೆ ಮಾತಾಡುವ ಶಕ್ತಿ ಇರುವುದಿಲ್ಲ. ಕೂಸು ಜೊತೆಗಿದ್ದವರ ಕೈಯಲ್ಲಿ ಇರುತ್ತದೆ.

ಮೊದಲು ಬರುವ ಹಾಲು ಹಳದಿ, ಗಟ್ಟಿ, ಬಹಳ ಕಡಿಮೆ. "ಇದು ಕೆಟ್ಟ ಹಾಲು, ಹಿಂಡಿ ಚೆಲ್ಲು" ಅನ್ನುವವರು ಇನ್ನೂ ಇದ್ದಾರೆ. ಅದನ್ನು ಚೆಲ್ಲಬೇಡಿ. ರೋಗ ತಡೆಯುವ ಶಕ್ತಿ ಅದರಲ್ಲಿ ತುಂಬಿದೆ. ಕೂಸಿಗೆ ಅದೇ ಮೊದಲ ಲಸಿಕೆ. ಆ ದಿನ ಕೂಸಿನ ಹೊಟ್ಟೆ ಬಹಳ ಸಣ್ಣದು. ಒಂದೆರಡು ಚಮಚೆಯಷ್ಟು ಹಾಲು ಅದಕ್ಕೆ ಸಾಕು. ಎರಡರಿಂದ ಐದು ದಿನದೊಳಗೆ ಹಾಲು ಹೆಚ್ಚುತ್ತದೆ. ಅಲ್ಲಿಯವರೆಗೆ ಜೇನು, ಬೆಲ್ಲದ ನೀರು, ಔಡಲ ಎಣ್ಣೆ ಯಾವುದನ್ನೂ ನೆಕ್ಕಿಸಬೇಡಿ. ಜೇನಿನಿಂದ ಎಳೆಗೂಸಿನ ಜೀವಕ್ಕೇ ಅಪಾಯ ಆಗಬಹುದು. ಸಿಸೇರಿಯನ್ ಆದರೂ ಹಾಲು ಕುಡಿಸಬಹುದು. ತಾಯಿಗೆ ಎಚ್ಚರ ಬಂದ ಕೂಡಲೇ ಮತ್ತೊಬ್ಬರು ಕೂಸನ್ನು ಹಿಡಿದು ಕೊಡಬೇಕು.

ಇನ್ನು ಕೂಸನ್ನು ಹಿಡಿಯುವ ರೀತಿ ನೋಡ್ರಿ. ಕೂಸಿನ ಹೊಟ್ಟೆ ನಿಮ್ಮ ಹೊಟ್ಟೆಗೆ ತಾಗಿರಲಿ. ತಲೆ, ಬೆನ್ನು ಒಂದೇ ಸಾಲಿನಲ್ಲಿರಲಿ. ಕೂಸು ಬಾಯಿ ದೊಡ್ಡದಾಗಿ ತೆರೆದಾಗ ಎದೆಗೆ ಹಚ್ಚಿ. ತೊಟ್ಟು ಮಾತ್ರವಲ್ಲ, ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋಗಬೇಕು. ಗದ್ದ ಎದೆಗೆ ತಾಗಿರಬೇಕು, ಕೆಳತುಟಿ ಹೊರಗೆ ಮಡಚಿರಬೇಕು. ಕುಡಿಸುವಾಗ ಬಹಳ ನೋವಾದರೆ ಹಿಡಿದದ್ದು ಸರಿಯಿಲ್ಲ ಅಂತ ಅರ್ಥ. ಕಿರುಬೆರಳನ್ನು ಕೂಸಿನ ಬಾಯಿಯ ಮೂಲೆಗೆ ಹಾಕಿ ಮೆಲ್ಲಗೆ ಬಿಡಿಸಿ, ಮತ್ತೆ ಹಚ್ಚಿ. ತೊಟ್ಟು ಒಡೆದಿದ್ದರೆ ನಿಮ್ಮ ಹಾಲನ್ನೇ ಎರಡು ಹನಿ ಸವರಿ ಒಣಗಲು ಬಿಡಿ.

"ನನಗ ಹಾಲು ಸಾಲವಲ್ದು." ಈ ಮಾತು ಮನೆಮನೆಯಲ್ಲೂ ಕೇಳುತ್ತದೆ. ಕೂಸು ಅತ್ತ ಕೂಡಲೇ ಡಬ್ಬಿಯ ಪುಡಿ ತರುತ್ತಾರೆ. ಕೂಸು ಪುಡಿಹಾಲು ಕುಡಿದು ಮಲಗುತ್ತದೆ, ಎದೆ ಚೀಪುವುದಿಲ್ಲ. ಚೀಪದಿದ್ದರೆ ಹಾಲು ಕಡಿಮೆಯಾಗುತ್ತದೆ. ಬಾವಿಯ ಊಟೆ ಇದ್ದಂತೆ ಇದು. ಸೇದಿದಷ್ಟೂ ನೀರು ಬರುತ್ತದೆ. ಹಗಲು ರಾತ್ರಿ ಸೇರಿ 8ರಿಂದ 12 ಸಲ ಕುಡಿಸಿ. ಹಾಲು ಸಾಕಾಯಿತೋ ಇಲ್ಲವೋ ಅನ್ನುವುದನ್ನು ಅಳುವಿನಿಂದ ಅಳೆಯಬೇಡಿ. ಒಂದು ವಾರದ ಕೂಸು ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ದರೆ, ತೂಕ ಏರುತ್ತಿದ್ದರೆ ಹಾಲು ಸಾಕು. ಮೊದಲ ದಿನಗಳಲ್ಲಿ ತೂಕ ತುಸು ಇಳಿಯುತ್ತದೆ, ಎರಡು ವಾರದಲ್ಲಿ ಮತ್ತೆ ಬರುತ್ತದೆ. ಅಂಗನವಾಡಿಯಲ್ಲಿ ತೂಕ ಹಾಕಿಸಿ.

ಡಬ್ಬಿ ಹಾಲಿನ ಜಾಹೀರಾತು ಮಾಡಬಾರದು ಅಂತ 1992ರಲ್ಲೇ ನಮ್ಮ ದೇಶದಲ್ಲಿ ಕಾನೂನು ಬಂದಿದೆ. ತಾಯಿಹಾಲಿಗೆ ಸರಿಸಾಟಿ ಇಲ್ಲ ಅಂತ ಡಬ್ಬಿಯ ಮೇಲೇ ಬರೆದಿರಬೇಕು. ನಿಮಗೀಗ ಓದಲು ಬರುತ್ತದೆ. ಓದಿ ನೋಡಿ.

ಆರು ತಿಂಗಳು ತುಂಬುವವರೆಗೆ ಎದೆಹಾಲು ಮಾತ್ರ. ಬೇಸಿಗೆಯಲ್ಲೂ ನೀರು ಬೇಡ. ಎದೆಹಾಲಿನಲ್ಲಿ ಹೆಚ್ಚಿನ ಭಾಗ ನೀರೇ ಇದೆ. ಆರು ತಿಂಗಳ ಮೇಲೆ ಮೆತ್ತಗಿನ ಊಟ ಶುರುಮಾಡಿ. ಜೊತೆಗೆ ಎರಡು ವರ್ಷದವರೆಗೆ, ಬೇಕಾದರೆ ಅದರ ಮೇಲೂ ಹಾಲು ಕುಡಿಸಿ.

ಬಾಣಂತಿಗೆ ಹೊಟ್ಟೆ ತುಂಬ ಊಟ ಬೇಕು. ಜಹೀರಾಬಾದ್ ಬಳಿಯ ಪಸ್ತಾಪುರದ ಹೆಸರು ಕೇಳಿದ್ದೀರಿ. ಆ ಸುತ್ತಿನ ಹಳ್ಳಿಗಳ ಬಡ ಹೆಂಗಸರು ಸಂಘ ಕಟ್ಟಿ, ಬೀಳುಬಿದ್ದ ಹೊಲದಲ್ಲಿ ಜೋಳ, ಸಜ್ಜೆ, ನವಣೆ, ತೊಗರಿ ಬೆಳೆದರು. ಹೊಲದಲ್ಲಿ ತಾನೇ ಹುಟ್ಟುವ ಸೊಪ್ಪು ಕೂಡ ಊಟವೇ ಅಂತ ತೋರಿಸಿದರು. ಬಾಣಂತಿಗೆ ಬೇಕಾದದ್ದೂ ಅದೇ. ಜೋಳದ ರೊಟ್ಟಿ, ತೊಗರಿಬೇಳೆ, ಸೊಪ್ಪು, ಸಿಕ್ಕರೆ ಹಾಲು, ತತ್ತಿ. ನೀರಡಿಕೆ ಆದಾಗ ನೀರು ಕೊಡಿ, ತಡೆಯಬೇಡಿ. ಕಬ್ಬಿಣಾಂಶದ ಗುಳಿಗೆಯನ್ನು ಹೆರಿಗೆ ಆದಮೇಲೂ ಆರು ತಿಂಗಳು ನುಂಗಬೇಕು.

ಆದರೆ ಕೂಲಿಯ ಹೆಣ್ಣುಮಗಳು ಮನೆಯಲ್ಲಿ ಎಷ್ಟು ದಿನ ಕೂತಾಳು? ದೊಡ್ಡ ಕಚೇರಿ, ಕಾರ್ಖಾನೆಯ ಹೆಂಗಸರಿಗೆ 2017ರ ಕಾನೂನು ಮೊದಲ ಎರಡು ಹೆರಿಗೆಗೆ 26 ವಾರ ರಜೆ ಕೊಟ್ಟಿತು. ಕಳೆ ತೆಗೆಯುವವಳಿಗೆ ಆ ರಜೆ ಇಲ್ಲ. ಅವಳಿಗೆ ರಜೆ ಕೊಡಬೇಕಾದವರು ಮನೆಯವರೇ. ಅದು ಆಗದಿದ್ದರೆ ಕೈ ತೊಳೆದು ಹಾಲು ಹಿಂಡಿ, ಕುದಿಸಿ ತೊಳೆದ ಬಟ್ಟಲಲ್ಲಿ ಮುಚ್ಚಿ ತಂಪು ಜಾಗದಲ್ಲಿಟ್ಟು ಹೋಗಿ. ಮೂರು ನಾಲ್ಕು ತಾಸಿನೊಳಗೆ ಕುಡಿಸಬೇಕು, ಬಿಸಿಲುಗಾಲದಲ್ಲಿ ಇನ್ನೂ ಬೇಗ. ಬಾಟಲಿ ಬೇಡ, ಬಟ್ಟಲು ಚಮಚೆ ಸಾಕು. ಇಲ್ಲವೆ ಮಧ್ಯಾಹ್ನ ಅಜ್ಜಿ ಕೂಸನ್ನು ಹೊಲಕ್ಕೆ ತರಲಿ.

ಕೂಸು ಎದೆ ಚೀಪದಿದ್ದರೆ, ಎಬ್ಬಿಸಿದರೂ ಏಳದಿದ್ದರೆ, ಮೈ ಸುಡುತ್ತಿದ್ದರೆ ಅಥವಾ ತಣ್ಣಗಾದರೆ, ಅಂಗೈ ಅಂಗಾಲು ಹಳದಿಯಾದರೆ ಬೆಳಗಾಗಲಿ ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ. ತಾಯಿಯ ಎದೆ ಕೆಂಪಾಗಿ ಜ್ವರ ಬಂದರೂ ಆಸ್ಪತ್ರೆಗೆ ಹೋಗಿ. ಹಾಲು ಕುಡಿಸುವುದನ್ನು ನಿಲ್ಲಿಸಬೇಡಿ.

ಅತ್ತೆಯವರೇ, ಸೊಸೆಗೆ ಹೊತ್ತಿಗೆ ಊಟ ಕೊಡಿ. ಅಣ್ಣಂದಿರೇ, ನೀರು ತನ್ನಿ, ದೊಡ್ಡ ಮಗುವನ್ನು ನೋಡಿಕೊಳ್ಳಿ. ಹಾಲು ಕುಡಿಸುವವಳು ತಾಯಿ, ಕುಡಿಸಲು ಬಿಡುವು ಕೊಡುವವರು ನೀವು.

ಈ ಪಾಠವನ್ನು ನೀವು ಓದಿದಿರಿ. ನಿಮ್ಮ ಓಣಿಯಲ್ಲಿ ಓದು ಬಾರದ ಬಸುರಿ ಹೆಣ್ಣುಮಗಳು ಒಬ್ಬಳಾದರೂ ಇರಬಹುದು. ಇವತ್ತು ಸಂಜೆ ಅವಳ ಮನೆಗೆ ಹೋಗಿ ಇದನ್ನು ಓದಿ ಹೇಳಿ. ಅವಳ ಅತ್ತೆಯನ್ನೂ ಜೊತೆಗೆ ಕೂರಿಸಿಕೊಳ್ಳಿ.